ಸೇ, ಟೆಲ್, ಹಿಯರ್, ಲಿಸನ್: ಹತ್ತಿರದ ಇಂಗ್ಲಿಷ್ ಕ್ರಿಯಾಪದಗಳಲ್ಲಿ ಸರಿಯಾದದ್ದನ್ನು ಆರಿಸುವುದು ಹೇಗೆ

‘ಸರ್ ಸೆಡ್ ಮಿ ಟು ಕಮ್ ಟುಮಾರೋ.’ ಈ ವಾಕ್ಯದಲ್ಲಿ ಕಾಲ ತಪ್ಪಿಲ್ಲ, ಪದಗಳ ಕ್ರಮ ತಪ್ಪಿಲ್ಲ, ಕೇಳಿದವರಿಗೆ ಅರ್ಥವೂ ಆಗುತ್ತದೆ. ತಪ್ಪಿರುವುದು ಒಂದೇ ಕಡೆ: ‘ಸೆಡ್’ ಇರುವಲ್ಲಿ ‘ಟೋಲ್ಡ್’ ಇರಬೇಕಿತ್ತು. ನಿಘಂಟು ತೆರೆದರೆ ‘ಸೇ’ಗೂ ‘ಟೆಲ್’ಗೂ “ಹೇಳು” ಎಂದೇ ಬರೆದಿರುತ್ತದೆ. ಹಾಗಾಗಿ ಬರೀ ಅರ್ಥ ಹಿಡಿದುಕೊಂಡು ಹೊರಟರೆ ಇಂಥ ಜೋಡಿಗಳು ಬಿಡಿಸಲಾಗದ ಗಂಟಾಗಿಯೇ ಉಳಿಯುತ್ತವೆ.

“ಇಂಗ್ಲಿಷಿನಲ್ಲೇ ಯೋಚಿಸಿ, ತಾನಾಗಿ ಬರುತ್ತೆ” ಎಂದು ಹೇಳುವವರು ಬಹಳ. ಅದು ಕಲಿತು ಮುಗಿಸಿದವರಿಗೆ ಹೇಳಬೇಕಾದ ಮಾತು, ಕಲಿಯುತ್ತಿರುವವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಕನ್ನಡವನ್ನು ಪಕ್ಕಕ್ಕಿಡದೆ, ವಾಕ್ಯವನ್ನು ಮೊದಲು ಕನ್ನಡದಲ್ಲೇ ಪೂರ್ತಿಯಾಗಿ ಬರೆದುಕೊಂಡು ಅದರ ವಿಭಕ್ತಿ, “ಇಸು”, “ಕೊಂಡು” ಇವನ್ನು ಗಮನಿಸಿದರೆ ಬಹಳಷ್ಟು ಗೊಂದಲ ಅಲ್ಲೇ ತೀರುತ್ತದೆ. ಇಂಗ್ಲಿಷ್ ಬೇರೆ ಪದ ಇಟ್ಟು ತೋರಿಸುವ ವ್ಯತ್ಯಾಸವನ್ನು ಕನ್ನಡ ಎಷ್ಟೋ ಸಲ ಪ್ರತ್ಯಯದಲ್ಲಿ ತೋರಿಸುತ್ತದೆ. ಹಾಗೆ ಬಗೆಹರಿಯದ ಕೆಲವನ್ನು ಮಾತ್ರ ಬಾಯಿಪಾಠ ಮಾಡಬೇಕು.

(ಕೆಳಗೆ ಇಂಗ್ಲಿಷ್ ಮಾತುಗಳು ಒಂಟಿ ಉದ್ಧರಣ ಚಿಹ್ನೆಯಲ್ಲಿವೆ, ಕನ್ನಡದವು ಜೋಡಿ ಚಿಹ್ನೆಯಲ್ಲಿ.)

ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆ

ಯಾವ ಜೋಡಿಯೇ ಇರಲಿ, ಈ ಮೂರನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ.

1. ಕ್ರಿಯಾಪದ ಆದ ತಕ್ಷಣ ಏನು ಬರಬೇಕು? ಮನುಷ್ಯನೋ, ವಸ್ತುವೋ, ಮಾತೋ, ಏನೂ ಬೇಡವೋ?

2. ಇದು ಬೇಕೆಂದು ಮಾಡಿದ ಕೆಲಸವೋ, ತಾನಾಗಿ ಆದದ್ದೋ?

3. ಯಾರಿಂದ ಯಾರ ಕಡೆಗೆ ಸಾಗುತ್ತಿದೆ?

ಮೊದಲ ಪ್ರಶ್ನೆಯೇ ಮುಖ್ಯ. ಕನ್ನಡದಲ್ಲಿ “ನನಗೆ” ಎಂಬುದನ್ನು ಬಹುಪಾಲು ಎಲ್ಲ ಕಡೆ ಸೇರಿಸಬಹುದು: ನನಗೆ ಹೇಳಿದರು, ನನಗೆ ವಿವರಿಸಿದರು, ನನಗೆ ಸೂಚಿಸಿದರು, ನನಗೆ ತಿಳಿಸಿದರು. ಇಂಗ್ಲಿಷಿನಲ್ಲಿ ಮನುಷ್ಯನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುವ ಕ್ರಿಯಾಪದಗಳು ಬೇರೆ, ನಡುವೆ ‘ಟು’ ಕೇಳುವವು ಬೇರೆ. ಅರ್ಥ ಒಂದೇ ಆದರೂ ಇಲ್ಲಿ ದಾರಿ ಬೇರೆಯಾಗುತ್ತದೆ.

“ಹೇಳು”

‘ಟೆಲ್’ ಆದ ಮೇಲೆ ಮನುಷ್ಯ ಬರಬೇಕು: ‘ಟೆಲ್ ಮಿ’, ‘ಟೋಲ್ಡ್ ಹರ್’, ‘ಟೋಲ್ಡ್ ದ ಡ್ರೈವರ್’. ‘ಸೇ’ ಆದ ಮೇಲೆ ಮಾತು ಬರಬೇಕು: ‘ಸೆಡ್ ಸಾರಿ’, ‘ಸೆಡ್ ಯೆಸ್’, ‘ಸೆಡ್ ದಟ್ ಹಿ ವಾಸ್ ಇಲ್’. ‘ಸೇ’ ಜೊತೆ ಮನುಷ್ಯನನ್ನು ತರಲೇಬೇಕಾದರೆ ‘ಟು’ ಹಾಕಿ: ‘ವಾಟ್ ಡಿಡ್ ಹಿ ಸೇ ಟು ಯು?’

“ಬರೋಕೆ ಹೇಳು” ಎಂಬಂಥ ಅಪ್ಪಣೆಗೆ ‘ಟೆಲ್’: ‘ಟೆಲ್ ಹಿಮ್ ಟು ಕಮ್.’ ಯಾರಿಗೆ ಎಂಬುದನ್ನು ಬಿಟ್ಟುಬಿಟ್ಟರೆ ಮಾತ್ರ ‘ಸರ್ ಸೆಡ್ ಟು ಕಮ್ ಟುಮಾರೋ’ ಎಂದು ಆಡುಮಾತಿನಲ್ಲಿ ಸಲ್ಲುತ್ತದೆ. ಅಂದರೆ ಮೇಲಿನ ತಪ್ಪು ವಾಕ್ಯದಿಂದ ‘ಮಿ’ ಕಿತ್ತರೂ ಸರಿಹೋಗುತ್ತದೆ. ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಎಲ್ಲ ನಿಂತಿದೆ ಎನ್ನಲು ಇಷ್ಟು ಸಾಕು.

ಮನುಷ್ಯನಿಲ್ಲದೆಯೂ ‘ಟೆಲ್’ ಬರುವ ಕೆಲವು ಜಾಗಗಳಿವೆ, ಅವನ್ನು ಬಾಯಿಪಾಠ ಮಾಡಿಬಿಡಿ: ‘ಟೆಲ್ ದ ಟ್ರೂತ್’, ‘ಟೆಲ್ ಎ ಲೈ’, ‘ಟೆಲ್ ಎ ಸ್ಟೋರಿ’, ‘ಟೆಲ್ ಎ ಜೋಕ್’, ‘ಟೆಲ್ ದ ಟೈಮ್’, ‘ಟೆಲ್ ದ ಡಿಫರೆನ್ಸ್’. ಬೋರ್ಡು, ಕಾಗದ, ಗಡಿಯಾರ, ಸುತ್ತೋಲೆ “ಹೇಳಿದರೆ” ಅದು ‘ಸೇಸ್’: ‘ದ ನೋಟಿಸ್ ಸೇಸ್ ನೋ ಪಾರ್ಕಿಂಗ್.’ “ನನಗೆ ಹೀಗೆಂದು ಹೇಳಿದ್ದಾರೆ” ಎಂದು ಹೇಳಿದವರ ಹೆಸರೆತ್ತದೆ ಹೇಳಲು ‘ಐ ವಾಸ್ ಟೋಲ್ಡ್’. ‘ಐ ವಾಸ್ ಸೆಡ್’ ಎಂಬುದು ಇಲ್ಲವೇ ಇಲ್ಲ.

ಇದೇ ಕುಟುಂಬದ ಉಳಿದವು ಆಫೀಸಿನ ಮೇಲ್‌ಗಳಲ್ಲಿ ಹೆಚ್ಚು ಕೈಕೊಡುತ್ತವೆ. ‘ಎಕ್ಸ್‌ಪ್ಲೇನ್’, ‘ಸಜೆಸ್ಟ್’, ‘ಡಿಸ್ಕ್ರೈಬ್’, ‘ಮೆನ್ಶನ್’, ‘ಅನೌನ್ಸ್’ ಇವೆಲ್ಲ ‘ಸೇ’ ಜಾತಿಯವು, ಮನುಷ್ಯ ಬಂದರೆ ‘ಟು’ ಬೇಕು. ‘ಎಕ್ಸ್‌ಪ್ಲೇನ್ ಮಿ ದ ಪ್ರಾಬ್ಲಂ’ ತಪ್ಪು, ‘ಎಕ್ಸ್‌ಪ್ಲೇನ್ ದ ಪ್ರಾಬ್ಲಂ ಟು ಮಿ’ ಸರಿ. ‘ಇನ್ಫಾರ್ಮ್’, ‘ರಿಮೈಂಡ್’, ‘ವಾರ್ನ್’, ‘ಅಡ್ವೈಸ್’ ಇವು ‘ಟೆಲ್’ ಜಾತಿಯವು, ಇವಕ್ಕೆ ‘ಟು’ ಹಾಕಿದರೇ ತಪ್ಪು: ‘ಪ್ಲೀಸ್ ಇನ್ಫಾರ್ಮ್ ಟು ಎಚ್‌ಆರ್’ ಅನ್ನುವುದರಲ್ಲಿ ‘ಟು’ ತೆಗೆಯಿರಿ. “ಡಾಕ್ಟರಿಗೆ ತೋರಿಸು ಅಂದರು” ಎನ್ನುವುದನ್ನು ‘ಸಜೆಸ್ಟೆಡ್ ಮಿ ಟು ಸೀ ಎ ಡಾಕ್ಟರ್’ ಎಂದು ಬರೆದಿದ್ದರೆ ವಾಕ್ಯವನ್ನೆಲ್ಲ ಕೆಡವಬೇಕಿಲ್ಲ. ‘ಸಜೆಸ್ಟೆಡ್’ ಕಿತ್ತು ‘ಅಡ್ವೈಸ್ಡ್’ ಇಟ್ಟರೆ ಆಯಿತು.

‘ಸ್ಪೀಕ್’, ‘ಟಾಕ್’ ಎರಡೂ “ಮಾತಾಡು”. ಬಹಳ ಕಡೆ ಯಾವುದನ್ನು ಇಟ್ಟರೂ ನಡೆಯುತ್ತದೆ, ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಭಾಷೆಗೆ ಮಾತ್ರ ‘ಸ್ಪೀಕ್’: ‘ಶಿ ಸ್ಪೀಕ್ಸ್ ತುಳು’. ಭಾಷಣಕ್ಕೆ, ಫೋನಿನಲ್ಲಿ ಗೌರವದಿಂದ ಕೇಳುವುದಕ್ಕೆ ‘ಸ್ಪೀಕ್’. ಇಬ್ಬರು ಕೂತು ಹರಟಿದ್ದಕ್ಕೆ ‘ಟಾಕ್’. ಆದರೆ ‘ಡಿಸ್ಕಸ್’ ಬಗ್ಗೆ ಎಚ್ಚರ ಬೇಕು. “ಬಿಲ್ಲಿನ ಬಗ್ಗೆ ಚರ್ಚಿಸಿದೆವು” ಎಂಬಲ್ಲಿರುವ “ಬಗ್ಗೆ” ನಮ್ಮ ಕೈಯಲ್ಲಿ ‘ಅಬೌಟ್’ ಹಾಕಿಸುತ್ತದೆ. ‘ಟಾಕ್’, ‘ಸ್ಪೀಕ್’ ಎರಡಕ್ಕೂ ‘ಅಬೌಟ್’ ಬೇಕು. ‘ಡಿಸ್ಕಸ್’, ‘ಮೆನ್ಶನ್’, ‘ಡಿಸ್ಕ್ರೈಬ್’ ಮೂರಕ್ಕೂ ಬೇಡ. ‘ವಿ ಡಿಸ್ಕಸ್ಡ್ ದ ಬಿಲ್’, ಅಷ್ಟೇ.

“ಕೇಳು”: ಒಂದರೊಳಗೆ ಮೂರು

ಕನ್ನಡಿಗರಿಗೆ ಹೆಚ್ಚು ತೊಡಕಾಗುವ ಕ್ರಿಯಾಪದ ಇದು, ಏಕೆಂದರೆ ಕಿವಿಗೆ ಬೀಳುವುದೂ ಕಿವಿಗೊಡುವುದೂ ಪ್ರಶ್ನೆ ಹಾಕುವುದೂ ಇದೊಂದರಲ್ಲೇ ಇವೆ. ಹಾಗಿದ್ದರೂ ಪ್ರತ್ಯಯಗಳು ಮೂರನ್ನೂ ಬೇರ್ಪಡಿಸಿಯೇ ಇಟ್ಟಿವೆ.

“ನನಗೆ ಕೇಳಿಸಿತು”: ಕರ್ತೃವಿಗೆ “ಗೆ” ಅಂಟಿಕೊಂಡಿದೆ, ಕ್ರಿಯೆಗೆ “ಇಸು” ಅಂಟಿಕೊಂಡಿದೆ. ಇದು ‘ಹಿಯರ್’. ತಾನಾಗಿ ಕಿವಿಗೆ ಬಿದ್ದದ್ದು.

“ನಾನು ಹಾಡು ಕೇಳಿದೆ”, “ಅವನ ಮಾತು ಕೇಳಿದೆ”: ಕರ್ತೃ “ನಾನು”, ಕೇಳಿದ್ದು ಹಾಡನ್ನೋ ಮಾತನ್ನೋ. ಇದು ‘ಲಿಸನ್ ಟು’. ಬೇಕೆಂದು ಕಿವಿಗೊಟ್ಟದ್ದು.

“ನಾನು ಅವನನ್ನು ಕೇಳಿದೆ”: ಮನುಷ್ಯನಿಗೆ “ಅನ್ನು”. ಇದು ‘ಆಸ್ಕ್’.

ಇದೇ ಸೂತ್ರ ಕಣ್ಣಿಗೂ ಹೊಂದುತ್ತದೆ: “ನನಗೆ ಕಾಣಿಸಿತು” ಎಂದರೆ ‘ಸೀ’, “ನಾನು ನೋಡಿದೆ” ಎಂದರೆ ಬಹುಮಟ್ಟಿಗೆ ‘ಲುಕ್ ಅಟ್’ ಅಥವಾ ‘ವಾಚ್’. “ನನಗೆ” ಎಂದು ಶುರುವಾಗುವ ಕನ್ನಡ ವಾಕ್ಯ ಬಂದಾಗ ಇಂಗ್ಲಿಷಿನಲ್ಲಿ ತಾನಾಗಿ ಆದದ್ದನ್ನು ಹೇಳುವ ಕ್ರಿಯಾಪದವನ್ನು ಹುಡುಕಿ.

ಬಳಸುವಾಗ ಎಡವುವ ಜಾಗಗಳು ಇವು. ‘ಹಿಯರ್’ಗೂ ‘ಸೀ’ಗೂ ಸಾಮಾನ್ಯವಾಗಿ ‘ಇಂಗ್’ ರೂಪ ಒಗ್ಗದು. ಈ ಕ್ಷಣ ಕೇಳಿಸುತ್ತಿದೆ ಎನ್ನಲು ‘ಕ್ಯಾನ್’ ಸೇರಿಸಬೇಕು: ‘ಐ ಕ್ಯಾನ್ ಹಿಯರ್ ದ ಟ್ರೈನ್.’ ಆನ್‌ಲೈನ್ ಮೀಟಿಂಗಿನಲ್ಲಿ “ಕೇಳಿಸ್ತಾ ಇದೆಯಾ?” ಎನ್ನಲು ‘ಕ್ಯಾನ್ ಯು ಹಿಯರ್ ಮಿ?’ ಅಲ್ಲಿ ‘ಆರ್ ಯು ಲಿಸನಿಂಗ್ ಟು ಮಿ?’ ಎಂದರೆ “ನಾನು ಹೇಳೋದರ ಮೇಲೆ ಗಮನ ಇದೆಯಾ ಇಲ್ವಾ?” ಎಂದು ಗದರಿಸಿದಂತೆ ಆಗುತ್ತದೆ. ಎದುರಿಗಿರುವವರು ಮ್ಯಾನೇಜರ್ ಆಗಿದ್ದರೆ ಈ ವ್ಯತ್ಯಾಸ ಸಣ್ಣದಲ್ಲ. ‘ಲಿಸನ್’ ಆದ ಮೇಲೆ ಏನನ್ನು ಎಂಬುದು ಬಂದರೆ ‘ಟು’ ಬಿಡುವಂತಿಲ್ಲ. ಏನೂ ಬಾರದಿದ್ದರೆ ‘ಲಿಸನ್!’ ಒಂದೇ ಸಾಕು.

‘ಆಸ್ಕ್’ನಲ್ಲಿ ಆಗುವ ತಪ್ಪಿಗೆ ನಮ್ಮ ಆಡುಮಾತೇ ಕಾರಣ. ಮೈಸೂರು ಕಡೆ “ಅವರ ಹತ್ರ ಕೇಳು” ಎನ್ನುತ್ತಾರೆ, ಉತ್ತರ ಕರ್ನಾಟಕದ ಕಡೆ “ಅವರಿಗೆ ಕೇಳು” ಎನ್ನುವುದುಂಟು. ಎರಡೂ ಸೇರಿ ‘ಆಸ್ಕ್ ಟು ಹಿಮ್’ ಹುಟ್ಟಿಸುತ್ತವೆ. “ಅವರನ್ನು ಕೇಳು” ಎಂಬ ಬರವಣಿಗೆಯ ರೂಪವನ್ನು ಮನಸ್ಸಿನಲ್ಲಿ ತಂದುಕೊಂಡರೆ ‘ಟು’ ತಾನೇ ಬಿದ್ದುಹೋಗುತ್ತದೆ. ಬೇಕಾದ ವಸ್ತುವನ್ನು ಕೇಳುವಾಗ ‘ಫಾರ್’ ಬೇಕು: ‘ಆಸ್ಕ್ ಫಾರ್ ವಾಟರ್’. ಮಾಹಿತಿ ಕೇಳುವಾಗ ಬೇಡ: ‘ಆಸ್ಕ್ ದ ಪ್ರೈಸ್’, ‘ಆಸ್ಕ್ ದ ವೇ’. ‘ಆಸ್ಕ್ ಎ ಡೌಟ್’ ನಮ್ಮ ತರಗತಿಗಳಲ್ಲಿ ಬೇರೂರಿದೆ, ಹೊರದೇಶದಲ್ಲಿ ಯಾರಿಗೂ ತಿಳಿಯುವುದಿಲ್ಲ. ಅಲ್ಲಿ ‘ಆಸ್ಕ್ ಎ ಕ್ವೆಶ್ಚನ್’ ಅನ್ನಿ.

ರಜೆ ಅರ್ಜಿಯ ‘ರಿಕ್ವೆಸ್ಟ್’ ಇನ್ನೊಂದು. ಕ್ರಿಯಾಪದವಾದಾಗ ಅದಕ್ಕೆ ‘ಫಾರ್’ ಬೇಡ: ‘ಐ ರಿಕ್ವೆಸ್ಟ್ ಟೂ ಡೇಸ್ ಲೀವ್’. ನಾಮಪದವಾದಾಗ ಬೇಕು: ‘ಮೈ ರಿಕ್ವೆಸ್ಟ್ ಫಾರ್ ಲೀವ್’. ಒಂದೇ ಪದ, ಎರಡು ವೇಷ.

“ನೋಡು”, “ಹುಡುಕು”

ತಾನಾಗಿ ಕಣ್ಣಿಗೆ ಬಿದ್ದದ್ದು ‘ಸೀ’, ಕಣ್ಣು ಹಾಯಿಸಿದ್ದು ‘ಲುಕ್ ಅಟ್’, ನಡೆಯುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿದ್ದು ‘ವಾಚ್’. ಫೋಟೋವನ್ನು ‘ವಾಚ್’ ಮಾಡಲಾಗದು, ಅದು ಅಲ್ಲಾಡುವುದಿಲ್ಲ. ಟಿವಿಗೆ ‘ವಾಚ್’. ಥಿಯೇಟರಿನಲ್ಲಿ ನೋಡಿದ ಸಿನಿಮಾಗೆ ‘ಸೀ’, ‘ವಾಚ್’ ಎರಡೂ ಸರಿ. ಡಾಕ್ಟರನ್ನು ಕಾಣುವುದು ‘ಸೀ’. “ನೋಡಿಕೊ” ಆದರೆ ಸಂಗತಿಯೇ ಬೇರೆ: ಮಗುವನ್ನು ನೋಡಿಕೊಳ್ಳುವುದು ‘ಲುಕ್ ಆಫ್ಟರ್’.

ಕಳೆದ ಕೀಲಿಯನ್ನು ತಡಕಾಡುತ್ತಾ ‘ಐ ಆಮ್ ಫೈಂಡಿಂಗ್ ಮೈ ಕೀಸ್’ ಎನ್ನುವುದು ಬೆಂಗಳೂರಿನಲ್ಲಿ ದಿನಾ ಕಿವಿಗೆ ಬೀಳುವ ತಪ್ಪು. ‘ಫೈಂಡ್’ ಎಂದರೆ “ಸಿಕ್ಕಿತು”, ಹುಡುಕಾಟದ ಕೊನೆ ಅದು. ಹುಡುಕುತ್ತಿರುವಾಗ ‘ಲುಕಿಂಗ್ ಫಾರ್’. ‘ಸರ್ಚ್’ ಆದ ಮೇಲೆ ಜಾಗ ಬರುತ್ತದೆ, ವಸ್ತುವಲ್ಲ: ‘ಸರ್ಚ್ಡ್ ದ ಬ್ಯಾಗ್’ ಎಂದರೆ ಬ್ಯಾಗನ್ನೇ ಜಾಲಾಡಿದೆ ಎಂದರ್ಥ. ವಸ್ತುವಿಗೆ ‘ಸರ್ಚ್ಡ್ ಫಾರ್ ದ ಕೀ’. ಪೊಲೀಸರು ‘ಸರ್ಚ್ಡ್ ಹಿಮ್’ ಎಂದರೆ ಅವನ ಜೇಬು ತಡಕಿದರು, ‘ಸರ್ಚ್ಡ್ ಫಾರ್ ಹಿಮ್’ ಎಂದರೆ ಅವನಿಗಾಗಿ ಊರೆಲ್ಲ ಅಲೆದರು.

“ಇಸು” ಕೊಡುವ ಸುಳಿವು

‘ರೈಸ್’, ‘ರೇಸ್’ (ಓಟದ ರೇಸ್ ಅಲ್ಲ, ಎತ್ತುವುದು), ‘ಲೈ’, ‘ಲೇ’ ಇವು ಇಂಗ್ಲಿಷ್ ಮನೆಮಾತಿನವರನ್ನೂ ಎಡವಿಸುತ್ತವೆ. ನಮಗೆ ಇಲ್ಲೊಂದು ಅನುಕೂಲವಿದೆ. ಏರು–ಏರಿಸು, ಮಲಗು–ಮಲಗಿಸು, ನೆನಪಾಗು–ನೆನಪಿಸು, ಕಲಿ–ಕಲಿಸು. ಕನ್ನಡದಲ್ಲಿ “ಇಸು” ಬಂದರೆ ಇಂಗ್ಲಿಷಿನಲ್ಲಿ ಜೋಡಿಯ ಎರಡನೆಯದು:

ಬೆಲೆ ಏರಿತು: ‘ಪ್ರೈಸಸ್ ರೋಸ್.’ ಬೆಲೆ ಏರಿಸಿದರು: ‘ದೇ ರೇಸ್ಡ್ ಪ್ರೈಸಸ್.’

ನೆನಪಾಯಿತು: ‘ಐ ರಿಮೆಂಬರ್ಡ್.’ ನೆನಪಿಸಿದಳು: ‘ಶಿ ರಿಮೈಂಡೆಡ್ ಮಿ.’

ಕಲಿತೆ: ‘ಐ ಲರ್ನ್ಟ್.’ ಕಲಿಸಿದರು: ‘ದೇ ಟಾಟ್ ಮಿ.’

ಮಲಗಿದೆ: ‘ಐ ಲೇ ಡೌನ್.’ ಮಗುವನ್ನು ಮಲಗಿಸಿದೆ: ‘ಐ ಲೇಡ್ ದ ಬೇಬಿ ಡೌನ್.’

ಕೊನೆಯ ಸಾಲಿನಲ್ಲಿ ಗೊಂದಲ ಎದ್ದರೆ ಅದಕ್ಕೆ ಕಾರಣ ಭೂತಕಾಲ. “ಮಲಗು” ಎಂಬ ‘ಲೈ’ಯ ಭೂತಕಾಲ ‘ಲೇ’, ಅದೇ “ಮಲಗಿಸು” ಎಂಬುದರ ವರ್ತಮಾನವೂ ‘ಲೇ’. ಮೂರು ಸರಣಿಯನ್ನು ಗಟ್ಟಿಯಾಗಿ ಹೇಳಿ ಬಾಯಿಗೆ ಬರಿಸಿಕೊಳ್ಳಿ: ಲೈ–ಲೇ–ಲೇನ್ (ಮಲಗು), ಲೇ–ಲೇಡ್–ಲೇಡ್ (ಮಲಗಿಸು, ಇಡು, ಕೋಳಿ ಮೊಟ್ಟೆ ಇಡುವುದೂ ಇದೇ), ಲೈ–ಲೈಡ್–ಲೈಡ್ (ಸುಳ್ಳು ಹೇಳು). ‘ರೈಸ್’ನದು ರೈಸ್–ರೋಸ್–ರಿಸನ್. ‘ರೇಸ್’ ಸಾಧು, ‘ರೇಸ್ಡ್’ ಒಂದೇ. ಐಟಿ ಆಫೀಸುಗಳಲ್ಲಿ “ಟಿಕೆಟ್ ರೈಸ್ ಮಾಡಿ” ಎಂದು ಕೇಳಿಬರುತ್ತದೆ. ಟಿಕೆಟ್ ತಾನಾಗಿ ಏಳುವುದಿಲ್ಲ, ಅದನ್ನು ಎತ್ತುವವರು ನಾವು, ಆದ್ದರಿಂದ ‘ರೇಸ್’.

ಈ ಸುಳಿವಿಗೂ ಮಿತಿಯಿದೆ. ಕುದಿ–ಕುದಿಸು ಎರಡಕ್ಕೂ ಇಂಗ್ಲಿಷಿನಲ್ಲಿ ‘ಬಾಯಿಲ್’ ಒಂದೇ, ಕರಗು–ಕರಗಿಸು ಎರಡಕ್ಕೂ ‘ಮೆಲ್ಟ್’ ಒಂದೇ. ‘ಓಪನ್’, ‘ಬ್ರೇಕ್’, ‘ಸ್ಟಾರ್ಟ್’ ಕೂಡ ಹೀಗೆಯೇ. ಅಲ್ಲಿ ಆರಿಸುವ ಪ್ರಶ್ನೆಯೇ ಏಳುವುದಿಲ್ಲ.

ಆದರೆ ಗೆಲ್ಲು–ಸೋಲಿಸು ಜೋಡಿಯಲ್ಲಿ ಆರಿಸಲೇಬೇಕು. ಪಂದ್ಯವನ್ನು, ಕಪ್ಪನ್ನು ಗೆಲ್ಲುವುದು ‘ವಿನ್’. ಎದುರಾಳಿಯನ್ನು ಸೋಲಿಸುವುದು ‘ಬೀಟ್’. 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ‘ಇಂಡಿಯಾ ಬೀಟ್ ವೆಸ್ಟ್ ಇಂಡೀಸ್ ಬೈ 43 ರನ್ಸ್ ಅಂಡ್ ವನ್ ದ ವರ್ಲ್ಡ್ ಕಪ್’. ‘ಇಂಡಿಯಾ ವನ್ ವೆಸ್ಟ್ ಇಂಡೀಸ್’ ಎಂದರೆ ಆ ತಂಡವನ್ನೇ ಬಹುಮಾನವಾಗಿ ಹೊತ್ತು ತಂದಂತಾಗುತ್ತದೆ. ‘ಬೀಟ್’ನ ಭೂತಕಾಲವೂ ‘ಬೀಟ್’ ಎಂಬುದನ್ನು ಮರೆಯಬೇಡಿ.

“ಹಾಕು”, “ತೆಗೆ”, “ಇಡು”

“ಹಾಕು” ಕನ್ನಡದಲ್ಲಿ ಎಲ್ಲಿಗೂ ಸಲ್ಲುವ ನಾಣ್ಯ. ಅದನ್ನು ‘ಪುಟ್’ ಎಂದು ಬದಲಿಸಿದರೆ ಹೆಚ್ಚಿನ ಕಡೆ ನಡೆಯುವುದಿಲ್ಲ. “ಹಾಕು” ಹಿಂದಿನ ನಾಮಪದವನ್ನು ನೋಡಿ. ಎಷ್ಟೋ ಸಲ ಆ ನಾಮಪದವೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿರುತ್ತದೆ: ಬೀಗ ಹಾಕು ‘ಲಾಕ್’, ಸಹಿ ಹಾಕು ‘ಸೈನ್’, ಓಟು ಹಾಕು ‘ವೋಟ್’, ಗಿಡಕ್ಕೆ ನೀರು ಹಾಕು ‘ವಾಟರ್ ದ ಪ್ಲಾಂಟ್ಸ್’, ಅರ್ಜಿ ಹಾಕು ‘ಅಪ್ಲೈ’. ಲೈಟ್ ಹಾಕಲು ‘ಟರ್ನ್ ಆನ್’ ಅಥವಾ ‘ಸ್ವಿಚ್ ಆನ್’. ‘ಪುಟ್ ದ ಲೈಟ್ ಆನ್’ ಎಂಬುದೂ ಸರಿಯೇ, ‘ಆನ್’ ಬಿಟ್ಟರೆ ಮಾತ್ರ ಕೆಡುತ್ತದೆ.

“ಮಾಡು” ಕೂಡ ಇದೇ ರೀತಿ. ‘ಡೂ’ನೋ ‘ಮೇಕ್’ನೋ ಎಂದು ಯೋಚಿಸುವ ಮೊದಲು ಎರಡೂ ಬೇಡವಾದ ಜಾಗ ಇರಬಹುದು: ಊಟ ಮಾಡು ‘ಹ್ಯಾವ್ ಲಂಚ್’, ಸ್ನಾನ ಮಾಡು ‘ಹ್ಯಾವ್ ಎ ಬಾತ್’, ನಿದ್ದೆ ಮಾಡು ‘ಸ್ಲೀಪ್’. ಉಳಿದದ್ದಕ್ಕೆ ಒಂದು ಪರೀಕ್ಷೆ: ಮಾಡಿ ಮುಗಿಸಿದ ಮೇಲೆ ಮೊದಲಿಲ್ಲದ್ದೊಂದು ಹುಟ್ಟಿದ್ದರೆ ‘ಮೇಕ್’ (ಕಾಫಿ, ತೀರ್ಮಾನ, ತಪ್ಪು, ಸದ್ದು, ಪಟ್ಟಿ, ಮಾತು ಕೊಡುವ ‘ಪ್ರಾಮಿಸ್’). ಬರೀ ಕೆಲಸ ನಡೆದಿದ್ದರೆ ‘ಡೂ’ (ಹೋಂವರ್ಕ್, ಪಾತ್ರೆ, ವ್ಯಾಪಾರ, ವ್ಯಾಯಾಮ, ಸಂಶೋಧನೆ). ಈ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ. ‘ಡೂ ಡ್ಯಾಮೇಜ್’, ‘ಡೂ ಎ ಫೇವರ್’, ‘ಮೇಕ್ ಎ ಫೋನ್ ಕಾಲ್’ ಇವನ್ನು ಹಾಗೆಯೇ ನೆನಪಿಡುವುದು ಸುಲಭ, ಕಾರಣ ಹುಡುಕುತ್ತಾ ಕೂರಬೇಡಿ.

“ಇಡು” ಎಂಬುದು ಭಾರತೀಯ ಇಂಗ್ಲಿಷಿನಲ್ಲಿ ‘ಕೀಪ್’ ಆಗಿಬಿಟ್ಟಿದೆ: ‘ಕೀಪ್ ದ ಬ್ಯಾಗ್ ಆನ್ ದ ಟೇಬಲ್’. ಕೈಯಲ್ಲಿರುವುದನ್ನು ಒಮ್ಮೆ ಇಟ್ಟುಬಿಡುವುದು ‘ಪುಟ್’. “ಇಟ್ಟುಕೊ”, “ಅಲ್ಲೇ ಇಟ್ಟಿರುತ್ತೇವೆ” ಎಂಬ ಅರ್ಥ ಬಂದರೆ ‘ಕೀಪ್’: ‘ವಿ ಕೀಪ್ ದ ರೈಸ್ ಇನ್ ದಿಸ್ ಡ್ರಮ್’, ಅಕ್ಕಿ ಯಾವಾಗಲೂ ಇರುವುದು ಅಲ್ಲೇ.

ಬಟ್ಟೆಯ ವಿಷಯದಲ್ಲಿ “ಕೊಂಡು” ದಾರಿ ತೋರುತ್ತದೆ. “ಶರ್ಟ್ ಹಾಕಿಕೊಳ್ಳುತ್ತಿದ್ದಾನೆ”, ತೋಳು ತೂರಿಸುತ್ತಿದ್ದಾನೆ: ‘ಹಿ ಈಸ್ ಪುಟಿಂಗ್ ಆನ್ ಎ ಶರ್ಟ್’. “ಶರ್ಟ್ ಹಾಕಿಕೊಂಡಿದ್ದಾನೆ”, ಮೈಮೇಲಿದೆ: ‘ಹಿ ಈಸ್ ವೇರಿಂಗ್ ಎ ಶರ್ಟ್’. ಇಂಗ್ಲಿಷಿನ ‘ಇಂಗ್’ ಕಂಡ ಕೂಡಲೇ “ಉತ್ತಿದ್ದಾನೆ” ಎಂದು ಓದಿಕೊಳ್ಳುವ ಅಭ್ಯಾಸವೇ ಇಲ್ಲಿ ಕೈಕೊಡುವುದು. ‘ಈಸ್ ಸಿಟಿಂಗ್’ ಎಂದರೆ “ಕೂತಿದ್ದಾನೆ”, ‘ಈಸ್ ಸ್ಟ್ಯಾಂಡಿಂಗ್’ ಎಂದರೆ “ನಿಂತಿದ್ದಾನೆ”. ಇನ್ನು ಸೀರೆ ಉಡುವುದು, ಬಳೆ ತೊಡುವುದು, ಹೂ ಮುಡಿಯುವುದು, ಕನ್ನಡಕ ಹಾಕಿಕೊಳ್ಳುವುದು ಎಲ್ಲಕ್ಕೂ ‘ವೇರ್’ ಒಂದೇ. ಆರಿಸುವ ಕಷ್ಟ ಇಲ್ಲಿ ಕನ್ನಡ ಕಲಿಯುವವರದು.

“ತೆಗೆ”ಗೆ ಸುಲಭ ಸೂತ್ರವಿಲ್ಲ: ಬಾಗಿಲಿಗೆ ‘ಓಪನ್’, ಫೋಟೋಗೆ ‘ಟೇಕ್’, ಚಪ್ಪಲಿಗೆ ‘ಟೇಕ್ ಆಫ್’, ಬ್ಯಾಂಕಿನ ದುಡ್ಡಿಗೆ ‘ವಿತ್‌ಡ್ರಾ’.

ದಿಕ್ಕು ನೋಡಿ ಆರಿಸುವವು

‘ಬ್ರಿಂಗ್’ ಎಂದರೆ ತಗೊಂಡು ಬಾ, ‘ಟೇಕ್’ ಎಂದರೆ ತಗೊಂಡು ಹೋಗು, ‘ಫೆಚ್’ ಎಂದರೆ ಹೋಗಿ ತಗೊಂಡು ಬಾ. ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಬಿಡಿಬಿಡಿಯಾಗಿದೆ, ತಪ್ಪಾಗುವುದು ಕಡಿಮೆ. ಹೊರಡುವಾಗ ಹೇಳುವ “ಬರ್ತೀನಿ” ಒಂದನ್ನು ಮಾತ್ರ ‘ಐ ವಿಲ್ ಕಮ್’ ಮಾಡಬೇಡಿ, ಎದುರಿಗಿದ್ದವರು ಎಲ್ಲಿಗೆ ಬರ್ತೀರಿ ಎಂದು ಕೇಳುತ್ತಾರೆ.

ಎರವಲು ಕೊಡುವುದು ‘ಲೆಂಡ್’, ಎರವಲು ತಗೊಳ್ಳುವುದು ‘ಬಾರೋ’. ‘ಲೆಂಡ್ ಮಿ ಯುವರ್ ಪೆನ್’ ಸರಿ, ‘ಬಾರೋ ಮಿ’ ತಪ್ಪು. ‘ಬಾರೋ’ಗೆ ‘ಫ್ರಮ್’ ಜೊತೆಗಾರ. ಬಾಡಿಗೆಗೆ ‘ರೆಂಟ್’ ಎರಡೂ ದಿಕ್ಕಿಗೆ ನಡೆಯುತ್ತದೆ, ಗೊಂದಲ ಬೇಡವೆಂದರೆ ಕೊಡುವವರಿಗೆ ‘ರೆಂಟ್ ಔಟ್’ ಎನ್ನಿ. ವಿದೇಶಕ್ಕೆ ಹೋಗುವವರು ‘ಲೀಸ್’ ಬಗ್ಗೆ ಹುಷಾರಾಗಿರಿ. ಬೆಂಗಳೂರಿನಲ್ಲಿ ಅದು ದೊಡ್ಡ ಮೊತ್ತ ಇಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು. ಬೇರೆ ಕಡೆ ಅದು ಬಾಡಿಗೆ ಕರಾರು ಅಷ್ಟೇ, ತಿಂಗಳು ತಿಂಗಳು ದುಡ್ಡು ಕಟ್ಟಲೇಬೇಕು.

ಅನುಮಾನ ಉಳಿದರೆ ಪರೀಕ್ಷಿಸುವುದು ಹೇಗೆ

ಕನ್ನಡ–ಇಂಗ್ಲಿಷ್ ನಿಘಂಟು ಇದಕ್ಕೆ ಸಾಲದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಿಂದ ಹಿಡಿದು ಈ ಬಗೆಯವು ಕನ್ನಡ ಪದದ ಅರ್ಥ ತಿಳಿಸಲು ಹುಟ್ಟಿದವು. ಇಂಗ್ಲಿಷ್ ಕ್ರಿಯಾಪದದ ಪಕ್ಕ ಏನು ಬರಬೇಕು ಎಂದು ಹೇಳುವುದು ಅವುಗಳ ಕೆಲಸವಲ್ಲ. ಅದಕ್ಕೆ ಬೇಕಾದದ್ದು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು ಕ್ರಿಯಾಪದಗಳ ವಾಕ್ಯಮಾದರಿ ಸೇರಿಸಿ ಇಂಥದ್ದೊಂದನ್ನು 1942ರಲ್ಲಿ ಅಲ್ಲೇ ಹೊರತಂದರು, 1948ರಲ್ಲಿ ಅದು ಆಕ್ಸ್‌ಫರ್ಡ್ ಪ್ರಕಟಣೆಯಾಯಿತು. ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟು ಅದರದೇ ವಂಶ. ಇದೂ, ಕೇಂಬ್ರಿಜ್, ಲಾಂಗ್‌ಮನ್ ನಿಘಂಟುಗಳೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ.

ತೆರೆದಾಗ ಅರ್ಥಕ್ಕಿಂತ ಮೊದಲು ಚಿಹ್ನೆ ಓದಿ. ‘ಟಿ’ ಅಥವಾ ‘ಟ್ರಾನ್ಸಿಟಿವ್’ ಎಂದಿದ್ದರೆ ಕರ್ಮ ಬೇಕು, ‘ಐ’ ಅಥವಾ ‘ಇಂಟ್ರಾನ್ಸಿಟಿವ್’ ಎಂದಿದ್ದರೆ ನೇರ ಕರ್ಮ ಬಾರದು. ಅಚ್ಚಾದ ಪುಸ್ತಕದಲ್ಲಿ ‘ಎಸ್‌ಬಿ’ ಎಂದರೆ ಯಾರೋ ಒಬ್ಬರು, ‘ಎಸ್‌ಟಿಎಚ್’ ಎಂದರೆ ಯಾವುದೋ ಒಂದು ವಸ್ತು ಅಥವಾ ವಿಷಯ. ‘ಎಕ್ಸ್‌ಪ್ಲೇನ್ ಸಮ್‌ಥಿಂಗ್ ಟು ಸಮ್‌ಬಡಿ’ ಎಂಬ ಒಂದು ಸಾಲು ಹತ್ತು ಪುಟದ ವಿವರಣೆಗಿಂತ ಮೇಲು. ಕೇಂಬ್ರಿಜ್ ತಾಣದ ವ್ಯಾಕರಣ ಭಾಗದಲ್ಲಿ ಸುಲಭವಾಗಿ ಗೊಂದಲವಾಗುವ ಪದಗಳಿಗೆಂದೇ ಪುಟಗಳಿವೆ, ‘ಸೇ’–‘ಟೆಲ್’, ‘ಲೈ’–‘ಲೇ’ ಎಲ್ಲ ಅಲ್ಲಿವೆ.

ಎರಡು ರೂಪಗಳಲ್ಲಿ ಯಾವುದು ಚಾಲ್ತಿಯಲ್ಲಿದೆ ಎಂದು ನೋಡಲು ಗೂಗಲ್ ಬುಕ್ಸ್ ಎನ್‌ಗ್ರಾಂ ವ್ಯೂವರ್ ಒಳ್ಳೆಯದು. ಎರಡನ್ನೂ ನಡುವೆ ಅಲ್ಪವಿರಾಮ ಹಾಕಿ ಟೈಪ್ ಮಾಡಿ. ಪುಸ್ತಕಗಳಲ್ಲಿ ಯಾವುದು ಎಷ್ಟು ಬಂದಿದೆ ಎಂದು ಗೆರೆ ಎಳೆದು ತೋರಿಸುತ್ತದೆ. ಒಂದೊಂದು ರೂಪವೂ ಐದು ಪದ ಮೀರಬಾರದು. ‘ಮೇಕ್ ಎ’ ಎಂದು ಬರೆದು ಮುಂದಿನ ಪದದ ಜಾಗದಲ್ಲಿ ನಕ್ಷತ್ರ ಚಿಹ್ನೆ ಇಟ್ಟರೆ ಅಲ್ಲಿ ಹೆಚ್ಚು ಬರುವ ಹತ್ತು ಪದಗಳನ್ನು ಅದೇ ತುಂಬಿಕೊಡುತ್ತದೆ, ‘ಡೂ’–‘ಮೇಕ್’ ಜಗಳಕ್ಕೆ ಇದಕ್ಕಿಂತ ಬೇಗ ಸಿಗುವ ಪಂಚಾಯ್ತಿ ಇಲ್ಲ. ಮಾಮೂಲಿ ಗೂಗಲ್ ಹುಡುಕಾಟ ತೋರಿಸುವ ಲಕ್ಷ ಲೆಕ್ಕದ ಅಂಕಿಗಳನ್ನು ಮಾತ್ರ ನಂಬಬೇಡಿ, ಅವು ಅಂದಾಜು, ಮೇಲಾಗಿ ತಪ್ಪು ಬರೆದವರ ಪುಟಗಳೂ ಅದರಲ್ಲಿ ಸೇರಿರುತ್ತವೆ.

ಅನುವಾದದ ಆ್ಯಪ್ ಬಳಸುವುದಾದರೆ “ಕೇಳು” ಎಂದು ಒಂಟಿ ಪದ ಕೊಡಬೇಡಿ, ವಿಭಕ್ತಿ ಸಮೇತ ಇಡೀ ವಾಕ್ಯ ಕೊಡಿ. ನೋಟ್‌ಬುಕ್ಕಿನಲ್ಲೂ ಅಷ್ಟೇ: “ಎಕ್ಸ್‌ಪ್ಲೇನ್ = ವಿವರಿಸು” ಎಂದು ಬರೆದುಕೊಂಡರೆ ತಪ್ಪನ್ನೇ ಬರೆದಿಟ್ಟುಕೊಂಡಂತೆ. ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಎಂದು ನೆಂಟರ ಸಮೇತ ಬರೆಯಿರಿ.

ಒಂದು ಮೇಲ್ ತಿದ್ದಿ ನೋಡೋಣ

‘ಯೆಸ್ಟರ್ಡೇ ಯು ಸೆಡ್ ಮಿ ಟು ಡಿಸ್ಕಸ್ ಅಬೌಟ್ ದ ಬಿಲ್ ವಿತ್ ದ ಸಪ್ಲೈಯರ್. ಐ ಆಸ್ಕ್ಡ್ ಟು ಹಿಮ್, ಬಟ್ ಹಿ ಡಿಡ್ ನಾಟ್ ಎಕ್ಸ್‌ಪ್ಲೇನ್ ಮಿ ಎನಿಥಿಂಗ್. ಐ ಫರ್ಗಾಟ್ ದ ಫೈಲ್ ಇನ್ ಹಿಸ್ ಆಫೀಸ್. ಟುಮಾರೋ ಐ ವಿಲ್ ಗೋ ಅಂಡ್ ಬ್ರಿಂಗ್ ಇಟ್ ಅಂಡ್ ಕೀಪ್ ಇಟ್ ಆನ್ ಯುವರ್ ಟೇಬಲ್.’

‘ಸೆಡ್ ಮಿ’: ಪಕ್ಕದಲ್ಲಿ ಮನುಷ್ಯ, ಜೊತೆಗೆ ಅಪ್ಪಣೆ. ‘ಟೋಲ್ಡ್ ಮಿ’ ಮಾಡಿ. ‘ಡಿಸ್ಕಸ್ ಅಬೌಟ್’: ‘ಅಬೌಟ್’ ಕೀಳಿ. ‘ಆಸ್ಕ್ಡ್ ಟು ಹಿಮ್’: “ಅವರನ್ನು ಕೇಳಿದೆ”, ಹಾಗಾಗಿ ‘ಟು’ ಬೇಡ. ಅಲ್ಲಿಂದ ಕಿತ್ತ ‘ಟು’ವನ್ನು ಮುಂದಿನ ವಾಕ್ಯಕ್ಕೆ ಕೊಡಿ: ‘ಎಕ್ಸ್‌ಪ್ಲೇನ್ ಎನಿಥಿಂಗ್ ಟು ಮಿ’.

‘ಫರ್ಗಾಟ್ ದ ಫೈಲ್ ಇನ್ ಹಿಸ್ ಆಫೀಸ್’: “ಮರೆತು ಬಂದೆ” ಎಂಬುದರಲ್ಲಿ ಎರಡು ಕ್ರಿಯೆಗಳಿವೆ. ಎಲ್ಲಿ ಎಂಬ ಜಾಗ ಹೇಳಿದರೆ ಇಂಗ್ಲಿಷ್ ಬಿಟ್ಟು ಬಂದದ್ದನ್ನು ಹಿಡಿಯುತ್ತದೆ, ಮರೆತದ್ದನ್ನಲ್ಲ: ‘ಲೆಫ್ಟ್ ದ ಫೈಲ್ ಇನ್ ಹಿಸ್ ಆಫೀಸ್’. ಜಾಗ ಹೇಳದೆ ‘ಐ ಫರ್ಗಾಟ್ ದ ಫೈಲ್’ ಎಂದು ನಿಲ್ಲಿಸಿದ್ದರೆ ತಪ್ಪಿರಲಿಲ್ಲ.

‘ಗೋ ಅಂಡ್ ಬ್ರಿಂಗ್’: ತಪ್ಪೆನ್ನುವಂತಿಲ್ಲ, ಫೈಲು ಮೇಲ್ ಓದುವವರ ಕಡೆಗೇ ಬರುತ್ತಿದೆ. ‘ಗೋ ಅಂಡ್ ಗೆಟ್ ಇಟ್’ ಎಂದರೆ ಇನ್ನೂ ಸಹಜ. ‘ಕೀಪ್ ಇಟ್ ಆನ್ ಯುವರ್ ಟೇಬಲ್’: ಒಮ್ಮೆ ಇಟ್ಟು ಹೋಗುವುದು, ಆದ್ದರಿಂದ ‘ಪುಟ್’. ಸಾಹೇಬರು ಸೀಟಿನಲ್ಲಿ ಇರುವುದಿಲ್ಲ ಎಂದು ಗೊತ್ತಿದ್ದರೆ ‘ಲೀವ್ ಇಟ್ ಆನ್ ಯುವರ್ ಟೇಬಲ್’.